‘ಒಳಗೆ ಬಿಟ್ಟೇ ಇಲ್ಲ’ ಅಂದವರ ಮನೆಯಲ್ಲಿ ಎರಡು ಗೆರೆ: ಒಂದು ಪ್ರಕರಣ ಅಧ್ಯಯನ

ವೀರ್ಯ ಒಳಗೆ ಬಿಡುತ್ತಿಲ್ಲ ಎಂಬ ನಂಬಿಕೆಯಲ್ಲಿದ್ದ ದಂಪತಿಗೆ ಬೇಡದ ಗರ್ಭ ನಿಂತಾಗ ಏನಾಯಿತು ಎಂಬುದು ಈ ಬರಹ. ಅವರ ಹೆಸರು, ಊರು ಹೇಳುವುದಿಲ್ಲ. ಗಂಡನ ಕೆಲಸವನ್ನೂ ಸ್ವಲ್ಪ ಬದಲಿಸಿದ್ದೇನೆ. ತಾರೀಖುಗಳನ್ನೆಲ್ಲ ಒಟ್ಟಿಗೆ ಸರಿಸಿದ್ದೇನೆ. ಆದರೆ ಒಂದು ತಾರೀಖಿಗೂ ಇನ್ನೊಂದಕ್ಕೂ ನಡುವಿನ ಅಂತರ ಮಾತ್ರ ಇದ್ದ ಹಾಗೇ ಇದೆ. ಯಾಕೆಂದರೆ ಈ ಪ್ರಕರಣ ನಿಂತಿರುವುದೇ ಆ ದಿನಗಳ ಲೆಕ್ಕದ ಮೇಲೆ. ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

ಹಿನ್ನೆಲೆ

ಆಕೆಗೆ 27 ವರ್ಷ. ಪಿಯುಸಿ ಓದಿದ್ದಾರೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡನಿಗೆ 32. ಬೋರ್‌ವೆಲ್ ಲಾರಿಯಲ್ಲಿ ಕೆಲಸ. ಲಾರಿ ಹೋದಲ್ಲಿ ಇರಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಮನೆ. ಮಗಳಿಗೆ 14 ತಿಂಗಳು, ರಾತ್ರಿ ಹೊತ್ತು ಮಾತ್ರ ಇನ್ನೂ ಹಾಲು ಕುಡಿಯುತ್ತಾಳೆ. ಮನೆಯಲ್ಲಿ ಅತ್ತೆ ಇದ್ದಾರೆ.

ಹೆರಿಗೆಯಾದಾಗ ವಾರ್ಡಿನಲ್ಲಿ ನರ್ಸ್ ವಂಕಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳುತ್ತೀರಾ ಎಂದು ಕೇಳಿದ್ದರಂತೆ. ಉತ್ತರ ಕೊಟ್ಟವರು ಅತ್ತೆ. "ಮೊದಲನೇದಕ್ಕೇ ಅದೆಲ್ಲ ಯಾಕೆ? ಎರಡನೇದಾದ ಮೇಲೆ ಆಪರೇಷನ್ ಮಾಡಿಸಿದ್ರಾಯ್ತು." ನಮ್ಮ ಕಡೆ ಇದು ಅತ್ತೆಯೊಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದ ಲೆಕ್ಕ ಶೇ. 38ರ ಹತ್ತಿರ. ಗಂಡಸರ ಆಪರೇಷನ್ ನಮ್ಮ ರಾಜ್ಯದಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭನಿರೋಧದ ಕ್ಲಿನಿಕ್ ತೆರೆದಿತ್ತು ಅಂದರೆ ಈಗಿನವರು ನಂಬುವುದಿಲ್ಲ. ಅಷ್ಟು ಬೇಗ ಶುರು ಮಾಡಿದ ನಾಡಿನಲ್ಲಿ, ಮೊದಲ ಮಗುವಿಗೂ ಆಪರೇಷನ್ನಿಗೂ ನಡುವಿನ ವರ್ಷಗಳಲ್ಲಿ ಏನು ಮಾಡಬೇಕು ಎಂದು ಇವತ್ತಿಗೂ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಆ ವರ್ಷಗಳನ್ನು ಈ ದಂಪತಿ, ವೀರ್ಯ ಬರುವ ಮೊದಲೇ ‘ಹೊರಗೆ ತೆಗೆಯುವ’ ಪದ್ಧತಿಯಲ್ಲೇ ಕಳೆಯುತ್ತಿದ್ದರು. ಅದನ್ನು ಆರಿಸಿದ್ದಕ್ಕೆ ಅವರಿಗೆ ಕಾರಣಗಳಿದ್ದವು. ಖರ್ಚಿಲ್ಲ. ಮೆಡಿಕಲ್ ಶಾಪಿನಲ್ಲಿ ಪರಿಚಯದವರ ಮುಂದೆ ಕೇಳಬೇಕಿಲ್ಲ. ಅತ್ತೆಯ ಕಣ್ಣಿಗೆ ಬೀಳುವ ವಸ್ತು ಮನೆಯಲ್ಲಿರುವುದಿಲ್ಲ. ಮಾತ್ರೆ ತಿಂದರೆ ದಪ್ಪ ಆಗುತ್ತೇನೆ ಎಂಬ ಭಯವೂ ಇಲ್ಲ. ಗಂಡನಿಗೆ ತಮ್ಮ ಹಿಡಿತದ ಮೇಲೆ ಪೂರ್ತಿ ನಂಬಿಕೆ ಇತ್ತು.

ಆಕೆಗೆ ಅಷ್ಟು ನಂಬಿಕೆ ಇರಲಿಲ್ಲ. ಹಾಗಾಗಿ ತಮ್ಮ ಪಾಡಿಗೆ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದರು. ಮುಟ್ಟಾದ 14ನೇ ದಿನ ಅಪಾಯ, ಅದರ ಆಚೀಚೆ ಎರಡು ದಿನ ಹುಷಾರು, ಆಮೇಲೆ ಸೇಫ್. ಈ ಲೆಕ್ಕ ಗಂಡನಿಗೆ ಗೊತ್ತಿರಲಿಲ್ಲ. ಅತ್ತೆಯದು ಮೂರನೇ ಲೆಕ್ಕ: "ಕೂಸಿಗೆ ಹಾಲು ಕುಡಿಸ್ತಿದ್ದಾಳೆ, ಏನೂ ಆಗಲ್ಲ." ಹಾಲು ಕುಡಿಸುವುದು ಗರ್ಭ ತಡೆಯುತ್ತದೆ ಎನ್ನುವುದು ಪೂರ್ತಿ ಸುಳ್ಳೇನಲ್ಲ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ತಾಯಿಗೆ ಮುಟ್ಟು ಮರಳಿರಬಾರದು. ಮೂರೂ ಇದ್ದರೆ ಅದು ಶೇ. 98ರಷ್ಟು ಕೆಲಸ ಮಾಡುತ್ತದೆ. ಇಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ. ಮುಟ್ಟು ಮರಳಿ ಐದು ತಿಂಗಳಾಗಿತ್ತು.

ಒಂದೇ ಮನೆಯಲ್ಲಿ ಮೂರು ಜನ ಮೂರು ನಂಬಿಕೆ ಇಟ್ಟುಕೊಂಡಿದ್ದರು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಏನೇನಾಯಿತು

ಫೆಬ್ರವರಿ 22ಕ್ಕೆ ಗಂಡ ಕೆಲಸಕ್ಕೆ ಹೋದರು. ಮಾರ್ಚ್ 4ರಂದು ಆಕೆಗೆ ಮುಟ್ಟಾಯಿತು. ಮಾರ್ಚ್ 20ಕ್ಕೆ ಗಂಡ ಹಬ್ಬಕ್ಕೆಂದು ಬಂದರು, 25ರ ಬೆಳಗಿನ ಬಸ್ಸಿಗೆ ವಾಪಸ್ ಹೊರಟರು. ಆಕೆಯ ಲೆಕ್ಕದಲ್ಲಿ ಮಾರ್ಚ್ 17ಕ್ಕೆ 14ನೇ ದಿನ. ಎರಡು ದಿನ ಸೇರಿಸಿದರೂ 19ಕ್ಕೆ ಅಪಾಯ ಮುಗಿದಿತ್ತು. ಗಂಡ ಬಂದದ್ದೇ ಮಾರನೇ ದಿನ.

ಆದರೂ ಕೊನೆಯ ರಾತ್ರಿ ಅವರಿಗೆ ಭಯವಾಯಿತು. ಅಂದು ಎರಡು ಸಲ ಸೇರಿದ್ದರು. ಎರಡೂ ಸಲ ಗಂಡ ಹೊರಗೇ ಬಿಟ್ಟಿದ್ದರು. ಆದರೆ ಎರಡನೇ ಸಲ "ಮೊದಲೇ ಒದ್ದೆ ಒದ್ದೆ ಅನ್ನಿಸ್ತು ಅಕ್ಕ" ಎಂದು ನನಗೆ ಆಮೇಲೆ ಹೇಳಿದರು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವರ ಮೇಲೆ ನಂಬಿಕೆ ಇಲ್ಲ ಅಂದಂತಾಗುತ್ತದೆ ಎಂಬ ಸಂಕೋಚ. 27ಕ್ಕೆ ಪೇಟೆಗೆ ಹೋಗಿ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ತಂದು ನುಂಗಿದರು. ಖಾಲಿ ಕವರನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟರು.

ಏಪ್ರಿಲ್ ಮೊದಲ ವಾರ ಸ್ವಲ್ಪ ರಕ್ತ ಕಂಡಿತು. ಎರಡು ದಿನ, ಅದೂ ಕಲೆ ಬೀಳುವಷ್ಟು. ಡೇಟ್ ಆಯಿತು, ಮಾತ್ರೆ ಕೆಲಸ ಮಾಡಿತು ಎಂದು ಸಮಾಧಾನ ಪಟ್ಟುಕೊಂಡರು. ಆ ಸಮಾಧಾನದಲ್ಲೇ ಮೂರು ವಾರ ಹೋಯಿತು. ಆಮೇಲೆ ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುವುದು ಶುರುವಾಯಿತು. 24ಕ್ಕೆ ಗರ್ಭ ಪರೀಕ್ಷೆಯ ಕಿಟ್ ತಂದು ನೋಡಿದರೆ ಎರಡು ಗೆರೆ.

ಎರಡು ಮೂರು ದಿನ ಪಪ್ಪಾಯಿ, ಎಳ್ಳು-ಬೆಲ್ಲ ನಡೆಯಿತು. ಪಕ್ಕದ ಮನೆಯವರು ಮೆಡಿಕಲ್ಲಿನಲ್ಲಿ ಗರ್ಭ ತೆಗೆಯುವ ಐದು ಮಾತ್ರೆಯ ಕಿಟ್ ಸಿಗುತ್ತದೆ, ಚೀಟಿ ಬೇಕಿಲ್ಲ ಎಂದೂ ಹೇಳಿದ್ದರು. ಆಕೆ ತರಿಸಲಿಲ್ಲ. ಆ ಕಿಟ್ಟನ್ನು ಡಾಕ್ಟರ್ ನೋಡಿಯೇ ಕೊಡಬೇಕು. ಗರ್ಭ ಗರ್ಭಕೋಶದಲ್ಲೇ ಇದೆಯೋ ನಳಿಕೆಯಲ್ಲಿದೆಯೋ ಎಂದು ತಿಳಿಯದೆ ನುಂಗಿ ಜೀವಕ್ಕೇ ಅಪಾಯ ತಂದುಕೊಂಡವರನ್ನು ನಾವು ನೋಡಿದ್ದೇವೆ. ಆಕೆ ಬದಲಿಗೆ ಗಂಡನಿಗೆ ಫೋನ್ ಮಾಡಿದರು. ಅವರು ರಜೆ ಹಾಕಿ ಬಂದರು. 28ಕ್ಕೆ ಇಬ್ಬರೂ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು.

ಚೀಟಿಯಲ್ಲಿ ‘6 ವಾರ 6 ದಿನ’ ಎಂದು ಬರೆದಿತ್ತು. ಅಷ್ಟೇ. ಯಾರೂ ಏನೂ ವಿವರಿಸಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಗಂಡ ಫೋನಿನ ಕ್ಯಾಲೆಂಡರ್ ತೆಗೆದು 48 ದಿನ ಹಿಂದಕ್ಕೆ ಎಣಿಸಿದರು. ಮಾರ್ಚ್ 11 ಬಂತು. ಮಾರ್ಚ್ 11ಕ್ಕೆ ಅವರು ಬೇರೆ ಜಿಲ್ಲೆಯಲ್ಲಿ ಬೋರ್ ಕೊರೆಯುತ್ತಿದ್ದರು. ಹೆಂಡತಿಯ ಮುಟ್ಟಿನ ತಾರೀಖಿನಿಂದ ಎಣಿಸಿದರೆ ಮಾರ್ಚ್ 4. ಆಗಲೂ ಅವರು ಮನೆಯಲ್ಲಿಲ್ಲ. ಮನೆಗೆ ಬಂದು ಏನೋ ಹುಡುಕುವಾಗ ಡ್ರಾಯರಿನಲ್ಲಿ ತುರ್ತು ಮಾತ್ರೆಯ ಕವರ್ ಸಿಕ್ಕಿತು.

"ನಾನು ಒಳಗೆ ಬಿಟ್ಟೇ ಇಲ್ಲ. ಆ ಡೇಟಿಗೆ ಊರಲ್ಲೂ ಇರಲಿಲ್ಲ. ನೀನು ಗುಟ್ಟಾಗಿ ಮಾತ್ರೆ ತಗೊಂಡಿದ್ದೀಯ. ಇನ್ನೇನು ಹೇಳಬೇಕು?"

ಎರಡು ದಿನ ಆ ಮನೆಯಲ್ಲಿ ಒಲೆ ಹಚ್ಚಿದ್ದು ಅತ್ತೆ ಒಬ್ಬರೇ. 30ಕ್ಕೆ ಆಶಾ ಕಾರ್ಯಕರ್ತೆ ಇಬ್ಬರನ್ನೂ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದರು.

ಮೊದಲು ಯಾವ ಮಾತು?

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಬೇಕು ಎಂಬುದರಲ್ಲಿ ಸಂಶಯ ಇರಲಿಲ್ಲ. ಮೊದಲು ಆಕೆಯ ಜೊತೆ ಕೂತೆ. ಬೇರೆ ಯಾರಾದರೂ ಇದ್ದಾರಾ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ನನ್ನ ಕೆಲಸದಲ್ಲಿ ಬರುವುದಿಲ್ಲ. ಕೇಳಿದ ಕ್ಷಣ ನಾನೂ ಗಂಡನ ಕಡೆಯ ಪಂಚಾಯ್ತಿದಾರಳಾಗುತ್ತೇನೆ. ನಾನು ಕೇಳಿದ್ದು ಹಿಂದಿನ ಮುಟ್ಟಿನ ತಾರೀಖುಗಳನ್ನು. ಹೊಲಿಗೆಯ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಅವರು ಬರೆದಿಟ್ಟಿದ್ದರು. ಒಂದು ಮುಟ್ಟಿನಿಂದ ಇನ್ನೊಂದಕ್ಕೆ 33 ದಿನ, 38 ದಿನ, 35 ದಿನ. ಇಡೀ ಪ್ರಕರಣದಲ್ಲಿ ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಹಾಳೆ.

ಗಂಡನ ಜೊತೆ ಯಾವ ಮಾತಿನಿಂದ ಶುರು ಮಾಡಬೇಕು ಎಂಬುದನ್ನು ಮಾತ್ರ ಯೋಚಿಸಬೇಕಾಯಿತು. ಎರಡು ವಿಷಯ ಹೇಳುವುದಿತ್ತು. ಒಂದು, ವೀರ್ಯ ಬರುವುದಕ್ಕೆ ಮೊದಲು ಜಿನುಗುವ ದ್ರವದ ವಿಷಯ. ಇನ್ನೊಂದು, ವಾರಗಳ ಲೆಕ್ಕ. ಇಂಥ ಕಡೆ ಸಾಮಾನ್ಯವಾಗಿ ನಾವು ದ್ರವದ ವಿಷಯದಿಂದಲೇ ಶುರು ಮಾಡುತ್ತೇವೆ, ಜನ ಕೇಳುವುದು ಅದನ್ನೇ ಅಲ್ವಾ. ಆದರೆ ಇಲ್ಲಿ ಅದನ್ನು ಎಷ್ಟು ಚೆನ್ನಾಗಿ ವಿವರಿಸಿದರೂ "ಆ ಡೇಟಿಗೆ ನಾನು ಊರಲ್ಲೇ ಇರಲಿಲ್ಲವಲ್ಲ" ಎಂಬ ಒಂದು ಮಾತಿಗೆ ಎಲ್ಲ ಬಿದ್ದುಹೋಗುತ್ತಿತ್ತು. ಹಾಗಾಗಿ ಕ್ಯಾಲೆಂಡರ್ ಮೊದಲು ಎಂದು ಡಾಕ್ಟರೂ ನಾನೂ ತೀರ್ಮಾನ ಮಾಡಿದೆವು.

ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಸಿ, ಏಪ್ರಿಲ್ 28ರ ಮೇಲೆ ಪೆನ್ನಿಟ್ಟು ಡಾಕ್ಟರ್ ಹೇಳಿದರು: "ಈ 6 ವಾರ 6 ದಿನದಲ್ಲಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರೋದಿಲ್ಲ."

ಗಂಡ ತಲೆ ಎತ್ತಿ ಕೇಳಿದರು, "ಇಲ್ಲದ ಮಗೂನ ಯಾಕೆ ಮೇಡಂ ಎಣಿಸ್ತೀರಾ?"

ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಇದು ವೈದ್ಯರ ಹಳೇ ರೂಢಿ. ಅಂಡ ಯಾವ ದಿನ ಬಿಡುಗಡೆಯಾಯಿತು ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯ ಮುಟ್ಟಿನ ದಿನ ಹೆಂಗಸರಿಗೆ ನೆನಪಿರುತ್ತದೆ. ಹಾಗಾಗಿ ಬಸುರಿನ ವಾರಗಳನ್ನು ಮುಟ್ಟಿನ ಮೊದಲ ದಿನದಿಂದ ಎಣಿಸುವುದು ಬಂತು. ಗರ್ಭ ನಿಲ್ಲುವುದು ಅದಕ್ಕಿಂತ ಸುಮಾರು ಎರಡು ವಾರ ತಡವಾಗಿ. ಸ್ಕ್ಯಾನಿಂಗ್ ಮೆಷಿನ್ ಭ್ರೂಣದ ಉದ್ದ ಅಳೆದು ವಾರ ಹೇಳುವಾಗಲೂ ಈ ಎರಡು ವಾರ ಸೇರಿಸಿಯೇ ಹೇಳುತ್ತದೆ. ಅಂದರೆ 48 ದಿನದಲ್ಲಿ 14 ಕಳೆಯಬೇಕು. ಉಳಿಯುವುದು 34. ಏಪ್ರಿಲ್ 28ರಿಂದ 34 ದಿನ ಹಿಂದಕ್ಕೆ ಎಣಿಸಿ ಎಂದು ಪೆನ್ನನ್ನು ಅವರ ಕೈಗೇ ಕೊಟ್ಟರು.

ಎಣಿಸಿದರು. ಮಾರ್ಚ್ 25. ಅವರು ಬಸ್ ಹತ್ತಿದ ದಿನ.

ಈ ಲೆಕ್ಕಕ್ಕೂ ಐದಾರು ದಿನ ಆಚೀಚೆ ಆಗುವ ಅವಕಾಶ ಇದೆ ಎಂದು ಡಾಕ್ಟರ್ ಹೇಳಿದರು. ಅದರ ಮೇಲೆ, ಗಂಡಸಿನ ವೀರ್ಯಾಣು ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಅಂಡ ಬದುಕುವುದು ಒಂದು ದಿನ ಮಾತ್ರ. ಆದ್ದರಿಂದ ಅಂಡ ಬಿಡುಗಡೆಯ ದಿನ ಗಂಡ ಮನೆಯಲ್ಲಿರಬೇಕೆಂದೇನೂ ಇಲ್ಲ, ಹಿಂದಿನ ಐದು ದಿನದಲ್ಲಿ ಸೇರಿದ್ದರೂ ಸಾಕು. 20ರಿಂದ 25ರವರೆಗೆ ಅವರು ಮನೆಯಲ್ಲಿದ್ದರು.

ಗಂಡ ತುಂಬ ಹೊತ್ತು ಕ್ಯಾಲೆಂಡರ್ ನೋಡುತ್ತಾ ಕೂತರು. ಆಮೇಲೆ ಡಿ.ಎನ್.ಎ. ಟೆಸ್ಟ್ ಮಾಡಿಸಬಹುದಾ ಎಂದು ಕೇಳಿದರು. ಅದಕ್ಕೆ ವೈದ್ಯಕೀಯ ಕಾರಣವೇ ಇಲ್ಲ ಎಂದು ಡಾಕ್ಟರ್ ನೇರವಾಗಿ ಹೇಳಿದರು. ಈ ಕ್ಯಾಲೆಂಡರ್ ಯಾವುದಕ್ಕೂ ಸಾಕ್ಷಿ ಅಲ್ಲ ಎಂದು ನಾನೂ ಹೇಳಿದೆ. ಬಸ್ಸಿನಲ್ಲಿ ನೀವು ಎಣಿಸಿದ ಲೆಕ್ಕ ತಪ್ಪಾಗಿತ್ತು, ಆ ಲೆಕ್ಕದಿಂದ ಹುಟ್ಟಿದ ಅನುಮಾನಕ್ಕೆ ಆಧಾರ ಇಲ್ಲ. ಕ್ಯಾಲೆಂಡರ್ ಹೇಳುವುದು ಇಷ್ಟನ್ನೇ. ಇದಕ್ಕಿಂತ ಜಾಸ್ತಿ ಹೇಳಿದ್ದರೆ ನಾವು ನ್ಯಾಯಾಧೀಶರಾಗುತ್ತಿದ್ದೆವು.

"ಆದ್ರೂ ಒಳಗೆ ಬಿಟ್ಟಿಲ್ವಲ್ಲ"

ದ್ರವದ ಮಾತು ಬಂದದ್ದು ಆಗ. ಈಗ ಅದನ್ನು ಕೇಳುವ ಮನಸ್ಸು ಅವರಿಗಿತ್ತು.

ಗಂಡಸಿಗೆ ಉದ್ರೇಕವಾದಾಗ, ವೀರ್ಯ ಬರುವುದಕ್ಕೆ ಮೊದಲೇ, ನೀರಿನ ಹಾಗೆ ಅಂಟಂಟಾದ ದ್ರವ ನಾಲ್ಕಾರು ಹನಿ ಜಿನುಗುತ್ತದೆ. ಹುಡುಗರ ಬಾಯಲ್ಲಿ ಇದು ಪ್ರೀಕಮ್. ಇದು ಬರುವುದು ಮುಖ್ಯವಾಗಿ ಕೌಪರ್ ಗ್ರಂಥಿ ಎಂಬ ಎರಡು ಪುಟ್ಟ ಗ್ರಂಥಿಗಳಿಂದ. ಮೂತ್ರನಾಳವನ್ನು ಜಾರುವಂತೆ ಮಾಡುವುದು, ಅಲ್ಲಿ ಉಳಿದ ಮೂತ್ರದ ಹುಳಿಯನ್ನು ತಗ್ಗಿಸುವುದು ಅದರ ಕೆಲಸ. ಈ ಗ್ರಂಥಿಗಳಲ್ಲಿ ವೀರ್ಯಾಣು ತಯಾರಾಗುವುದಿಲ್ಲ. ಇದು ಯಾವಾಗ ಬರುತ್ತದೆ ಎಂದು ಗಂಡಸಿಗೇ ಗೊತ್ತಾಗುವುದಿಲ್ಲ. ತಡೆಯುವುದಂತೂ ಆಗದ ಮಾತು.

ಹಾಗಾದರೆ ಅದರಲ್ಲಿ ವೀರ್ಯಾಣು ಇರುತ್ತದೆಯೇ? ಸಣ್ಣ ಸಣ್ಣ ಅಧ್ಯಯನಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಕೆಲವದರಲ್ಲಿ ಏನೂ ಸಿಗಲಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಗಂಡಸರ ಮಾದರಿ ನೋಡಿದಾಗ 11 ಜನರಲ್ಲಿ ವೀರ್ಯಾಣು ಸಿಕ್ಕಿತು, ಅವರಲ್ಲಿ 10 ಜನರದ್ದು ಚಲಿಸುತ್ತಿತ್ತು. ಪ್ರಮಾಣ ಕಡಿಮೆಯೇ. ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಹಿಂದಿನ ಸಲದ ವೀರ್ಯ ನಾಳದಲ್ಲಿ ಉಳಿದಿರುತ್ತದೆ, ನಡುವೆ ಮೂತ್ರ ಮಾಡಿದರೆ ತೊಳೆದು ಹೋಗುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಆ ಅಧ್ಯಯನದಲ್ಲಿ ಮಾದರಿ ಕೊಟ್ಟ ಗಂಡಸರು ಅದಕ್ಕೆ ಮೊದಲು ಎಷ್ಟೋ ಸಲ ಮೂತ್ರಕ್ಕೆ ಹೋಗಿ ಬಂದಿದ್ದವರು. ಆದರೂ ಸಿಕ್ಕಿತು. ಕೆಲವರಲ್ಲಿ ಬರುತ್ತದೆ, ಕೆಲವರಲ್ಲಿ ಬರುವುದಿಲ್ಲ. ತಾನು ಯಾವ ಗುಂಪು ಎಂದು ಮನೆಯಲ್ಲಿ ಕೂತು ತಿಳಿಯುವುದಕ್ಕೆ ದಾರಿ ಇಲ್ಲ.

ಇಷ್ಟು ಹೇಳಿದ ಮೇಲೆ ಗಂಡ ಕೇಳಿದ್ದು, "ಹಂಗಾದ್ರೆ ಆ ಹನಿಯಿಂದ್ಲೇ ಆಗಿದೆ ಅಂತೀರಾ?"

ಹೌದು ಎಂದು ಹೇಳಿ ಮುಗಿಸುವುದು ಸುಲಭವಿತ್ತು. ಅವರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅದು ನಮಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಆ ದ್ರವದಿಂದ ಆಗಿರಬಹುದು. ಎರಡನೇ ಸಲ ನಾಳದಲ್ಲಿ ಉಳಿದದ್ದು ಬಂದಿರಬಹುದು. ಒಂದು ಕ್ಷಣ ತಡವಾಗಿರಬಹುದು, ಅದು ಅವರ ಗಮನಕ್ಕೇ ಬಂದಿರಲಿಕ್ಕಿಲ್ಲ. ಹೊರಗೆ ಬಿಟ್ಟದ್ದು ಯೋನಿಯ ಬಾಯಿಗೆ ತಾಗಿರಬಹುದು. ಆ ಒಂದು ಹನಿಯನ್ನು ಕಟಕಟೆಗೆ ತಂದು ನಿಲ್ಲಿಸುವುದರಿಂದ ಮುಂದಿನ ದಾರಿ ಕಾಣುವುದಿಲ್ಲ. ಇಡೀ ಪದ್ಧತಿಯ ಮೇಲೆ ಎಷ್ಟು ಭಾರ ಹಾಕಬಹುದು ಎಂದು ನೋಡಬೇಕು.

ಅದಕ್ಕೆ ಅಂಕಿ ಇದೆ. ಅಮೆರಿಕದಲ್ಲಿ ಬಹಳ ವರ್ಷಗಳಿಂದ ಕಲೆ ಹಾಕಿದ ಲೆಕ್ಕವನ್ನೇ ಎಲ್ಲ ಕಡೆ ಬಳಸುತ್ತಾರೆ. ಏನೂ ಉಪಾಯ ಮಾಡದ 100 ಜೋಡಿಗಳಲ್ಲಿ ವರ್ಷಕ್ಕೆ 85ರಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ. ಹೊರಗೆ ತೆಗೆಯುವವರಲ್ಲಿ 20. ಒಂದು ಸಲವೂ ತಪ್ಪದೆ ಮಾಡಿದರೆ 4. ಕಾಂಡೋಮ್‌ಗೆ ಸಾಮಾನ್ಯ ಬಳಕೆಯಲ್ಲಿ 13, ತಪ್ಪದೆ ಬಳಸಿದರೆ 2. ದಿನಾ ನುಂಗುವ ಮಾತ್ರೆಗೆ 7. ಮೂರು ತಿಂಗಳ ಚುಚ್ಚುಮದ್ದಿಗೆ 4. ವಂಕಿಗೆ ಒಂದಕ್ಕಿಂತ ಕಡಿಮೆ.

ಈ ಅಂಕಿಗಳನ್ನು ಜನ ಎರಡು ತರ ತಪ್ಪಾಗಿ ಓದುತ್ತಾರೆ. ಹೊರಗೆ ತೆಗೆಯುವುದು ಸುಮ್ನೆ ದಂಡ ಎನ್ನುವವರು ಒಂದು ಕಡೆ. 85 ಎಲ್ಲಿ, 20 ಎಲ್ಲಿ? ಅಷ್ಟು ವ್ಯತ್ಯಾಸವನ್ನು ದಂಡ ಎನ್ನಲಾಗದು. 4ರ ಅಂಕಿ ನೋಡಿ ‘ನಾವು ಸರಿಯಾಗೇ ಮಾಡ್ತೀವಿ’ ಎನ್ನುವವರು ಇನ್ನೊಂದು ಕಡೆ. ಹಾಗೆ ಹೇಳುವ ಎಲ್ಲರನ್ನೂ ಸೇರಿಸಿಯೇ 20 ಆಗಿರುವುದು. ತಿಂಗಳಿಗೆ ನಾಲ್ಕೈದು ದಿನ ಮಾತ್ರ ಮನೆಯಲ್ಲಿರುವ, ಹೊಸದಾಗಿ ಮದುವೆಯಾದವರಷ್ಟೇ ಹಂಬಲ ಇಟ್ಟುಕೊಂಡು ಬರುವ ಗಂಡನಿಂದ ಪ್ರತೀ ಸಲ ಪೂರ್ತಿ ಹಿಡಿತ ಬಯಸುವುದು ಕಷ್ಟ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ

ಗಂಡ ಅಲ್ಲಿಗೆ ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವ ಸ್ಥಿತಿಗೆ ಬಂದಿದ್ದರು. ಅನುಮಾನದಷ್ಟೇ ಅದೂ ನಿರುಪಯೋಗಿ. ಆಗ ಹೊಲಿಗೆ ಪುಸ್ತಕದ ಕೊನೇ ಹಾಳೆಯನ್ನು, ಆಕೆಯನ್ನು ಕೇಳಿಯೇ, ಇಬ್ಬರ ಮುಂದೂ ಇಟ್ಟೆವು.

14ನೇ ದಿನದ ಲೆಕ್ಕ 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಹೊಂದುವ ಲೆಕ್ಕ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 36 ದಿನದ ಚಕ್ರವಾದರೆ 22ನೇ ದಿನ. ಮಾರ್ಚ್ 4ರಿಂದ 22ನೇ ದಿನ ಎಂದರೆ ಮಾರ್ಚ್ 25. ಮುಟ್ಟಿನ ಲೆಕ್ಕಕ್ಕೂ ಸ್ಕ್ಯಾನಿಂಗ್ ಲೆಕ್ಕಕ್ಕೂ ಒಂದು ವಾರದ ವ್ಯತ್ಯಾಸ ಬಂದದ್ದು ಇದರಿಂದಲೇ. ಆಕೆ ಯಾವುದನ್ನು ಸೇಫ್ ಅಂದುಕೊಂಡಿದ್ದರೋ ಅದೇ ಅಪಾಯದ ವಾರ.

ತುರ್ತು ಮಾತ್ರೆ ಯಾಕೆ ಕೈಕೊಟ್ಟಿತು ಎನ್ನುವುದೂ ಅದೇ ಹಾಳೆಯಲ್ಲಿ ಕಾಣುತ್ತಿತ್ತು. ಆ ಮಾತ್ರೆ ಅಂಡ ಬಿಡುಗಡೆಯನ್ನು ಮುಂದೂಡುವ ಮೂಲಕ ಕೆಲಸ ಮಾಡುತ್ತದೆ. ಅಂಡ ಆಗಲೇ ಹೊರಟಿದ್ದರೆ ಅದರಿಂದ ಪ್ರಯೋಜನ ಇಲ್ಲ. ಆಕೆ 72 ಗಂಟೆಯೊಳಗೇ ನುಂಗಿದ್ದರು, ನಿಜ. ಆದರೆ ನುಂಗಿದ್ದು 27ಕ್ಕೆ, ಅಂಡ ಹೊರಟಿದ್ದು 25ರ ಸುಮಾರಿಗೆ. ಆಮೇಲೆ ಕಂಡ ಕಲೆ ಮಾತ್ರೆ ತೆಗೆದುಕೊಂಡವರಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು, ಅದನ್ನು ಮುಟ್ಟು ಎಂದು ಲೆಕ್ಕ ಹಿಡಿಯುವಂತಿಲ್ಲ. ಸೇರಿದ 21 ದಿನದ ಮೇಲೆ ಕಿಟ್‌ನಲ್ಲಿ ನೋಡಿದ್ದರೆ ಏಪ್ರಿಲ್ 15ರ ಹೊತ್ತಿಗೇ ಗೊತ್ತಾಗುತ್ತಿತ್ತು. ಐದು ದಿನದೊಳಗೆ ಬಂದು ವಂಕಿ ಹಾಕಿಸಿಕೊಂಡಿದ್ದರೆ ಅದು ತುರ್ತು ಮಾತ್ರೆಗಿಂತ ಎಷ್ಟೋ ಗಟ್ಟಿ ಉಪಾಯವಾಗುತ್ತಿತ್ತು. ಈ ಮಾತನ್ನು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ.

ಮಾತ್ರೆಯ ಕವರ್ ಬಚ್ಚಿಟ್ಟದ್ದು ಯಾಕೆ ಎಂದು ಗಂಡ ಅಲ್ಲೇ ಕೇಳಿದರು. ಆಕೆ ಹೇಳಿದ್ದು ಇಷ್ಟೇ: "ನಿಮಗೆ ಬೇಜಾರಾಗುತ್ತೆ ಅಂತ." ಆಮೇಲೆ ಇಬ್ಬರೂ ಮಗಳ ವಿಷಯ ಮಾತಾಡಿದರು. ನಾವು ಹೊರಗೆ ಬಂದೆವು.

ಗರ್ಭದ ತೀರ್ಮಾನ

ಆಕೆಗೆ ಈಗ ಇನ್ನೊಂದು ಮಗು ಬೇಡವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಇತ್ತು. ಅತ್ತೆಗೆ ಬೇಕಿತ್ತು. ಗಂಡ ಎತ್ತಲೂ ಹೇಳದೆ ಕೂತಿದ್ದರು. ಅತ್ತೆಯ ಮಾತು ಕೇಳಿ ಗಂಡ ಗರ್ಭ ತೆಗೆಸುವುದಕ್ಕೆ ಸಹಿ ಹಾಕದೆ ಹೋದರೆ ಏನು ಮಾಡುವುದು ಎಂಬುದು ಆಕೆಯ ದೊಡ್ಡ ಭಯ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ವಯಸ್ಕ ಹೆಂಗಸಾದರೆ ಆಕೆಯ ಒಪ್ಪಿಗೆ ಸಾಕು. ಗಂಡನ ಸಹಿ ಬೇಕಿಲ್ಲ, ಅತ್ತೆಯದಂತೂ ಬೇಡವೇ ಬೇಡ. ಗರ್ಭನಿರೋಧಕ ಕೈಕೊಟ್ಟು ನಿಂತ ಗರ್ಭವೂ ಕಾನೂನು ಒಪ್ಪುವ ಕಾರಣ. 2021ರ ತಿದ್ದುಪಡಿಯ ಮೊದಲು ಆ ಕಾರಣ ಮದುವೆಯಾದ ಹೆಂಗಸು ಮತ್ತು ಗಂಡನಿಗೆ ಮಾತ್ರ ಎಂದು ಬರೆದಿತ್ತು. ಈಗ ಯಾವುದೇ ಹೆಂಗಸು ಮತ್ತು ಆಕೆಯ ಸಂಗಾತಿ ಎಂದಿದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಡಾಕ್ಟರ್ ಇದನ್ನು ಗಂಡನ ಎದುರಿನಲ್ಲೇ ಹೇಳಿದರು. ಬೇಕೆಂದೇ ಹಾಗೆ ಮಾಡಿದ್ದು. ತೀರ್ಮಾನ ಹೆಂಡತಿಯ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಆ ಮನುಷ್ಯನ ಮುಖ ಸ್ವಲ್ಪ ಹಗುರವಾದದ್ದನ್ನು ನಾನು ನೋಡಿದೆ. ಅಮ್ಮನಿಗೂ ಹೆಂಡತಿಗೂ ನಡುವೆ ಅವರು ಇನ್ನು ಆರಿಸಬೇಕಿರಲಿಲ್ಲ.

ಆಕೆ ಎರಡು ದಿನ ಯೋಚಿಸಿ ಬಂದು ಸಹಿ ಹಾಕಿದರು. ಏಳೂವರೆ ವಾರದ ಹತ್ತಿರ ಆಗಿದ್ದರಿಂದ ಮಾತ್ರೆಯಲ್ಲೇ ಮುಗಿಯಿತು. ಮೊದಲ ದಿನ ಒಂದು ಮಾತ್ರೆ, ಮೂರನೇ ದಿನ ಉಳಿದ ನಾಲ್ಕು. ರಕ್ತ ಕಡಿಮೆ ಇದ್ದದ್ದರಿಂದ ಅಂದು ಇಡೀ ದಿನ ವಾರ್ಡಿನಲ್ಲೇ ಇರಿಸಿಕೊಂಡೆವು. ಎರಡು ವಾರ ಬಿಟ್ಟು ನೋಡಿದಾಗ ಪೂರ್ತಿ ಆಗಿತ್ತು.

ಮುಂದೇನು ಎಂಬ ಪ್ರಶ್ನೆ

ಗರ್ಭಪಾತವಾದ ಎಂಟು ಹತ್ತು ದಿನದಲ್ಲೇ ಮತ್ತೆ ಅಂಡ ಬಿಡುಗಡೆಯಾಗಬಹುದು. ಮುಂದಿನ ಮುಟ್ಟು ಬರಲಿ ನೋಡೋಣ ಎಂದು ಕಾಯುವವರು ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಈ ಮಾತು ಮಾತ್ರೆ ಕೊಡುವ ಮೊದಲೇ ಮುಗಿದಿತ್ತು.

ಗಂಡ ಕಾಂಡೋಮ್ ಬಳಸುತ್ತೇನೆ ಎಂದರು. ಒಳ್ಳೆಯದೇ. ಆದರೆ ಆಕೆಗೆ ಬೇಕಾದದ್ದು ತಮ್ಮ ಕೈಯಲ್ಲಿರುವ, ರಾತ್ರಿ ಹೊತ್ತು ಯಾರೂ ನೆನಪಿಡಬೇಕಿಲ್ಲದ ಉಪಾಯ. ವಾರಕ್ಕೊಮ್ಮೆ ನುಂಗುವ ಛಾಯಾ ಬಗ್ಗೆ ಹೇಳಿದೆವು. ಲಖನೌದ ಪ್ರಯೋಗಾಲಯದಲ್ಲಿ ತಯಾರಾದ, ಹಾರ್ಮೋನ್ ಇಲ್ಲದ ಮಾತ್ರೆ, ಹಾಲು ಕುಡಿಸುವವರಿಗೂ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಮಾತ್ರೆ ಅಂದ ತಕ್ಷಣ ಡ್ರಾಯರಿನ ಕವರ್ ನೆನಪಾಯಿತೋ ಏನೋ, ಅವರು ಬೇಡ ಎಂದರು. ವಂಕಿಯಿಂದ ಮುಟ್ಟಿನ ರಕ್ತ ಜಾಸ್ತಿ ಹೋಗಬಹುದು, 9.2 ಇರುವಾಗ ಸ್ವಲ್ಪ ತಡೆಯೋಣ ಎಂದು ಡಾಕ್ಟರ್ ಹೇಳಿದರು. ಉಳಿದದ್ದು ಅಂತರಾ ಚುಚ್ಚುಮದ್ದು. ಮೂರು ತಿಂಗಳಿಗೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಲ್ಕು ಮಾತ್ರೆ ಕೊಟ್ಟ ದಿನವೇ ಅದನ್ನೂ ಕೊಟ್ಟರು.

ಮೊದಲ ಮೂರು ತಿಂಗಳು ಅಂತರಾದಲ್ಲಿ ಆಗಾಗ ಕಲೆ ಕಾಣುವುದು ಇದ್ದದ್ದೇ. ನಾವು ಹೇಳಿಯೂ ಇದ್ದೆವು. ನಾವು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಆ ಮನೆಯ ರೂಢಿಯನ್ನು. ಕಲೆ ಕಂಡ ದಿನವೆಲ್ಲ ಆಕೆ ದೇವರ ಮನೆಗೆ, ಅಡುಗೆ ಮನೆಗೆ ಹೋಗುವಂತಿಲ್ಲ. ತಿಂಗಳಲ್ಲಿ 12 ದಿನ ಹೊರಗೆ ಕೂರಬೇಕಾದರೆ ಅತ್ತೆ ಸುಮ್ಮನಿರುತ್ತಾರೆಯೇ? ವೈದ್ಯಕೀಯವಾಗಿ ಇದು ಅಪಾಯವಿಲ್ಲದ ತೊಂದರೆ. ಆಕೆಯ ಪಾಲಿಗೆ ಮಾತ್ರ ದಿನಾ ಜಗಳ. ಎರಡನೇ ಡೋಸ್ ತೆಗೆದುಕೊಂಡರು, ಮೂರನೆಯದಕ್ಕೆ ಬಂದು "ಇದು ಬೇಡ ಅಕ್ಕ" ಎಂದರು. ಅಷ್ಟರಲ್ಲಿ ಕಬ್ಬಿಣದ ಮಾತ್ರೆ ತಪ್ಪದೆ ತೆಗೆದುಕೊಂಡು ಹಿಮೋಗ್ಲೋಬಿನ್ 11 ದಾಟಿತ್ತು. ಅಂದೇ ವಂಕಿ ಹಾಕಿದರು, 10 ವರ್ಷ ಬರುವಂಥದ್ದು. ಬೇಕೆಂದಾಗ ತೆಗೆಸಬಹುದು. ಅಂತರಾ ಬಿಟ್ಟ ಮೇಲೆ ಗರ್ಭ ನಿಲ್ಲುವುದು ಏಳರಿಂದ ಹತ್ತು ತಿಂಗಳು ತಡವಾಗಬಹುದು, ವಂಕಿಯಲ್ಲಿ ಹಾಗಿಲ್ಲ, ತೆಗೆದ ತಿಂಗಳೇ ಆಗಬಹುದು. ಎರಡನೇ ಮಗುವಿನ ಆಸೆ ಇರುವ ಆಕೆಗೆ ಅದೂ ಹಿಡಿಸಿತು. ಈಗ ಎಂಟು ತಿಂಗಳಾಯಿತು, ಮುಟ್ಟು ಸ್ವಲ್ಪ ಜಾಸ್ತಿ ಹೋಗುತ್ತದೆ, ಬೇರೆ ತೊಂದರೆ ಇಲ್ಲ.

ಈ ಪ್ರಕರಣದ ನಂತರ

ನಮ್ಮಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಹೊರಗಿನ ಸ್ಕ್ಯಾನಿಂಗ್ ಚೀಟಿ ಹಿಡಿದು ಬಂದವರಿಗೆಲ್ಲ, ಕೇಳಲಿ ಬಿಡಲಿ, ಚೀಟಿಯ ಮೇಲೆ ಪೆನ್ನಿನಲ್ಲಿ ‘ಇದು ಮುಟ್ಟಿನ ದಿನದಿಂದ ಎಣಿಸಿದ ವಾರ, ಗರ್ಭ ನಿಂತದ್ದು ಎರಡು ವಾರ ಆಮೇಲೆ’ ಎಂದು ಬರೆದು ಕೊಡುತ್ತೇವೆ. ದೂರದ ಕೆಲಸಕ್ಕೆ ಹೋಗುವ ಗಂಡಂದಿರ ಮನೆಗಳಲ್ಲಿ ಈ ಒಂದು ಸಾಲು ಎಷ್ಟು ಜಗಳ ತಪ್ಪಿಸುತ್ತದೆ ಎಂದು ಈಗ ಗೊತ್ತಾಗುತ್ತಿದೆ. ಇನ್ನೊಂದು, ಯಾವುದೇ ಉಪಾಯ ಕೊಡುವ ಮೊದಲು ಮನೆಯಲ್ಲಿ ಮುಟ್ಟಿನ ದಿನ ಹೇಗೆ ನಡೆಯುತ್ತದೆ ಎಂದು ಕೇಳುತ್ತೇವೆ. ಅಂತರಾ ಒಳ್ಳೆಯ ಉಪಾಯ. ಕಲೆ ಕಂಡರೆ ಅಡುಗೆ ಮನೆ ಬಿಡಬೇಕಾದ ಮನೆಗೆ ಅದನ್ನು ಕೊಡುವಾಗ ಬೇರೆ ಮಾತೂ ಆಡಬೇಕಾಗುತ್ತದೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಗಂಡ ಆ ಎರಡು ದಿನ ಆಡಿದ ಮಾತುಗಳಿಗೆ ಕ್ಷಮೆ ಕೇಳಿಲ್ಲ. ಆಕೆಯೂ ಕೇಳಿ ಎಂದಿಲ್ಲ. ಅತ್ತೆಗೆ ವಂಕಿ ಹಾಕಿಸಿದ್ದು ಗೊತ್ತಿಲ್ಲ. ಹೇಳಬೇಕೋ ಬೇಡವೋ ಎಂದು ಆಕೆ ನನ್ನನ್ನು ಕೇಳಿದರು. ಅದು ನಿಮ್ಮ ದೇಹ, ನಿಮಗೆ ಬಿಟ್ಟದ್ದು ಎಂದೆ. ಈ ಸಲ ಗಂಡನಿಗೆ ಮಾತ್ರ ಗೊತ್ತಿದೆ. ವಂಕಿ ಹಾಕಿದ ಕಾರ್ಡನ್ನು ಅವರೇ ಫೋಟೋ ತೆಗೆದುಕೊಂಡು ಫೋನಿನಲ್ಲಿ ಇಟ್ಟುಕೊಂಡಿದ್ದಾರಂತೆ.